ತಿರುಗದ ಪಂಪಿಗೆ ಆಯುಧಪೂಜೆ

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ರಸ್ತೆಯಲ್ಲಿ ಶಿವರುದ್ರಸ್ವಾಮಿಯವರ ರೈಸ್‌ಮಿಲ್ಲು ಎಂದರೆ ಯಾವ ಕಂಡಕ್ಟರಾದರೂ ಬಸ್ಸು ನಿಲ್ಲಿಸುತ್ತಾನೆ. ಅಲ್ಲಿಗೆ ಭತ್ತ ಬರುವುದು ನಿಂತು ಬಹಳ ಕಾಲವಾಯಿತು. ಸುತ್ತಮುತ್ತ ಹೊಸ ಮಿಲ್ಲುಗಳು ಎದ್ದಾಗ ಸ್ವಾಮಿಯವರು ಅತ್ತು ಕರೆಯಲಿಲ್ಲ. ಇಷ್ಟು ದಿನ ತೌಡಿನ ದೂಳು ಕುಡಿದದ್ದು ಸಾಕು ಎಂದು ಬಾಗಿಲು ಹಾಕಿಕೊಂಡು ಮನೆಗೆ ಬಂದರು. ಆ ಬಾಗಿಲನ್ನು ಮತ್ತೆ ತೆಗೆಸಿದವಳು ಅವರ ಮಗಳು ಮಾಲಿನಿ. ಎತ್ತರದ ಚಾವಣಿ ಇದೆ, ತ್ರೀ ಫೇಸ್ ಕರೆಂಟು ಇದೆ, ಭಾರ ಎತ್ತುವುದಕ್ಕೆ ಕಬ್ಬಿಣದ ತೊಲೆ ಇದೆ, ಶೆಡ್ಡು ನನಗೆ ಕೊಡಿ ಎಂದಳು. ಯಾಕೆ ಎಂದರು. ಪಂಪು ಮಾಡುವುದಕ್ಕೆ ಎಂದಳು. ಪಂಪೆಂದರೆ ಸ್ವಾಮಿಯವರಿಗೆ ಗೊತ್ತಿದ್ದದ್ದು ಗದ್ದೆಗೆ ನೀರೆತ್ತುವ ಪಂಪು. ಒಳ್ಳೆಯ ವ್ಯಾಪಾರ, ಮಾಡು ಎಂದು ಬೀಗದ ಕೈ ಕೊಟ್ಟರು.

ಅದು ನೀರೆತ್ತುವ ಪಂಪಲ್ಲ ಎಂದು ಅವರಿಗೆ ತಿಳಿಯುವ ಹೊತ್ತಿಗೆ ಶೆಡ್ಡಿನೊಳಗೆ ಅರ್ಧ ಪೈಪು ಬೆಸೆದಾಗಿತ್ತು. ದೂರದ ಕಡಲ ಕರೆಯಲ್ಲಿ ಸಣ್ಣದೊಂದು ಪ್ರಯೋಗದ ಅಣು ರಿಯಾಕ್ಟರ್ ಕಟ್ಟುತ್ತಿದ್ದರು. ಅದರ ಒಡಲಿನ ಬಿಸಿಯನ್ನು ಹೊತ್ತು ಹೊರಕ್ಕೆ ತರುವುದು ನೀರಲ್ಲ, ಕರಗಿದ ಸೋಡಿಯಂ. ಅದು ಬೆಣ್ಣೆಯ ಹಾಗೆ ಚಾಕುವಿನಲ್ಲಿ ಕೊಯ್ಯಬಹುದಾದ ಲೋಹ. ಬಿಸಿ ಹೊರುವುದರಲ್ಲಿ ಗಟ್ಟಿಗ, ಆದರೆ ನೀರು ಸೋಕಿದರೆ ಹೊತ್ತಿಕೊಳ್ಳುತ್ತದೆ. ಆ ಸೋಡಿಯಂ ಅನ್ನು ತಳ್ಳುವ ಪಂಪು ಮಾಲಿನಿಯದು. ಅದರಲ್ಲಿ ರೆಕ್ಕೆಯಿಲ್ಲ, ಶಾಫ್ಟಿಲ್ಲ, ಬೇರಿಂಗಿಲ್ಲ. ಪೈಪಿನ ಸುತ್ತ ತಾಮ್ರದ ಸುರುಳಿಗಳಿವೆ, ಅಷ್ಟೆ. ಅವಕ್ಕೆ ಕರೆಂಟು ಕೊಟ್ಟರೆ ಒಳಗಿನ ಲೋಹ ಅಯಸ್ಕಾಂತದ ಬಲಕ್ಕೆ ತಾನೇ ಮುಂದೆ ಸಾಗುತ್ತದೆ. ಶೆಡ್ಡಿನ ಉದ್ದಕ್ಕೂ ಪೈಪನ್ನು ಒಂದು ಸುತ್ತು ಬರುವಂತೆ ಜೋಡಿಸಿ, ಸೋಡಿಯಂ ತುಂಬಿ, ರಿಯಾಕ್ಟರಿನಲ್ಲಿ ಹೇಗೆ ಹರಿಯಬೇಕೋ ಹಾಗೆ ಇಲ್ಲಿ ಹರಿಸಿ ತೋರಿಸಬೇಕಾಗಿತ್ತು. ಅಣುವಿನ ಸಾಮಾನು ಇಲ್ಲಿ ಎಳ್ಳಷ್ಟೂ ಇರಲಿಲ್ಲ. ಆದರೂ ಸ್ವಾಮಿಯವರ ಮಿಲ್ಲಿನಲ್ಲಿ ಬಾಂಬು ಮಾಡುತ್ತಾರೆ ಎಂದು ಸತ್ತೇಗಾಲದವರೆಗೆ ಸುದ್ದಿಯಾಗಿತ್ತು. ಊರ ಬಾಯಿಗೆ ಮುಚ್ಚಳ ಉಂಟೇ?

ಮೊದಲ ಸಲ ಪಂಪು ನೋಡಿದ ದಿನ ಸ್ವಾಮಿಯವರು ಅದರ ಸುತ್ತ ಬಂದು, ಬಗ್ಗಿ, ಎದ್ದು, ಕಡೆಗೆ ಮಗಳನ್ನೇ ಕೇಳಿದ್ದರು.

“ಇದ್ರಲ್ಲಿ ತಿರುಗೋದು ಎಲ್ಲದವ್ವಾ?”

“ಏನೂ ತಿರುಗಲ್ಲ ಅಪ್ಪಾಜಿ. ಸುಮ್ನೆ ಹರೀತದ.”

ಬದುಕಿಡೀ ಬೆಲ್ಟು, ಚಕ್ರ, ಭತ್ತ ಸುಲಿಯುವ ಹಲ್ಲರುಗಳ ನಡುವೆ ಇದ್ದವರು ಅವರು. ತಿರುಗದೆ ಇರುವುದನ್ನು ಯಂತ್ರ ಎಂದು ಹೇಗೆ ಒಪ್ಪುತ್ತಾರೆ? ಮಗಳು ಓದಿದವಳು, ಏನೋ ಇರಬಹುದು ಎಂದು ಸುಮ್ಮನಾದರು. ಆದರೆ ಬಂದವರ ಮುಂದೆಲ್ಲ, ನಮ್ಮ ಹುಡುಗಿ ಮಾಡಿರುವ ಪಂಪು ರಿಯಾಕ್ಟರಿಗೆ ಹೋಗುತ್ತದೆ ಎಂದು ಹೇಳುವುದನ್ನು ಮಾತ್ರ ಬಿಡಲಿಲ್ಲ.

ಅದು ಇನ್ನೂ ಹೋಗಿರಲಿಲ್ಲ. ರಿಯಾಕ್ಟರ್ ಕಟ್ಟುವವರ ಪರವಾಗಿ ರೂಪ ಎಂಬ ಹಿರಿಯ ಎಂಜಿನಿಯರ್ ಬಂದು ನೋಡಬೇಕಿತ್ತು. ಅವರ ತವರು ಮೈಸೂರು. ದಸರೆಗೆ ಬಂದವರು ವಿಜಯದಶಮಿಯ ದಿನ ಇತ್ತ ಬರುವುದಾಗಿ ತಿಳಿಸಿದ್ದರು. ಅವರು ಒಪ್ಪಿದರೆ ಮಾಲಿನಿಯ ಪಂಪು ರಿಯಾಕ್ಟರಿನೊಳಕ್ಕೆ. ಇಲ್ಲವಾದರೆ ಹೊರದೇಶದ್ದೊಂದು ತಯಾರಾಗಿ ಕೂತಿತ್ತು. ಮಾಲಿನಿಗೆ ಹಗಲೂ ಇರುಳೂ ಬೇಕಾದದ್ದು ಅದೊಂದೇ. ಆಗುತ್ತದೆ ಎನ್ನುವುದರಲ್ಲಿ ಅವಳಿಗೆ ಸಂಶಯವೂ ಇರಲಿಲ್ಲ. ಮಾಲಿನಿಗೆ ತನ್ನ ಕೆಲಸದ ಬಗ್ಗೆ ಸಂಶಯ ಬರುವುದು ಅಪರೂಪ. ಅದನ್ನು ಕೆಲವರು ಜಂಬ ಎನ್ನುತ್ತಿದ್ದರು. ಜಂಬವೇ ಇರಬಹುದು, ಆದರೆ ಅವಳು ಬೆಸೆದ ಪೈಪು ಇವತ್ತಿನವರೆಗೆ ಸೋರಿಲ್ಲ.

ನಡುವೆ ಬಂದದ್ದು ಆಯುಧಪೂಜೆ. ನಮ್ಮ ಕಡೆ ಆ ಹಬ್ಬ ಬಿಡಿ ಎಂದು ಯಾವ ಫ್ಯಾಕ್ಟರಿಯ ಯಜಮಾನನೂ ಹೇಳಲಾರ. ಮಾಲಿನಿಗೂ ಬಿಡುವ ಮನಸ್ಸಿರಲಿಲ್ಲ. ಆದರೆ ನೀರಿನ ಭಯ ಅವಳಿಗೆ ಗೊತ್ತು. ಅದಕ್ಕೇ ಹಬ್ಬದ ಹಿಂದಿನ ದಿನ ಎಲ್ಲರನ್ನೂ ಕೂರಿಸಿಕೊಂಡು ಕಟ್ಟುನಿಟ್ಟಾಗಿ ಹೇಳಿದಳು. ಶೆಡ್ಡಿನೊಳಗೆ ಕಾಯಿ ಒಡೆಯುವಂತಿಲ್ಲ, ತೀರ್ಥ ಚಿಮುಕಿಸುವಂತಿಲ್ಲ, ಯಂತ್ರ ತೊಳೆಯುವಂತಿಲ್ಲ. ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವಂತಿಲ್ಲ. ಪೈಪಿಗೆ ವಿಭೂತಿ ಬಳಿಯುವಂತಿಲ್ಲ, ಬೂದಿಯೊಳಗಿನ ಉಪ್ಪು ಬಿಸಿಗೆ ಉಕ್ಕನ್ನು ಕೆಡಿಸುತ್ತದೆ. ಬೂದುಗುಂಬಳವನ್ನು ಗೇಟಿನ ಆಚೆ, ರಸ್ತೆಯಲ್ಲಿ ಒಡೆಯಬೇಕು. ಇಷ್ಟು ಸಾಲದೆಂದು ಅಂಗಳದ ನಲ್ಲಿಗೆ ಒಂದು ಹಿತ್ತಾಳೆಯ ಬೀಗ ಜಡಿದು ಕೀ ತನ್ನ ಬಳಿ ಇಟ್ಟುಕೊಂಡಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆ ಈ ಮಿಲ್ಲಿನಲ್ಲಿ ಮಾತ್ರ ಸುಳ್ಳಾಯಿತು ಎಂದು ಅವಳ ತಾಯಿ ಶಿವರತ್ನಮ್ಮ ನಕ್ಕರು.

ಪೂಜೆಗೆ ಹಿರಿಯರೆಂದು ತಂದೆಯನ್ನು ಕರೆದವಳೂ ಅವಳೇ. ಸ್ವಾಮಿಯವರು ಬಿಳಿ ಪಂಚೆ ಉಟ್ಟು, ಬುಟ್ಟಿ ತುಂಬ ಚೆಂಡು ಹೂ ಹಿಡಿದು ಬಂದರು. ಗೇಟಿಗೆ ಬಾಳೆಕಂದು ಕಟ್ಟಿತ್ತು. ಲಾರಿಗೂ ವೆಲ್ಡಿಂಗ್ ಮೆಷಿನ್ನಿಗೂ ಗುದ್ದಲಿಗೂ ಪೂಜೆಯಾಯಿತು. ಒಳಗೆ ಬಂದು ಪಂಪಿನ ಮುಂದೆ ನಿಂತಾಗ ಅವರಿಗೆ ಮತ್ತೆ ಅದೇ ತೊಡಕು. ತಿರುಗುವ ಭಾಗವೇ ಇಲ್ಲದ ಮೇಲೆ ಹೂ ಎಲ್ಲಿಗೆ ಏರಿಸುವುದು? ಪಂಪು ನೋಡಿದರೆ ಮುಟ್ಟಲಾಗದಷ್ಟು ಬಿಸಿ. ಮಾಲಿನಿ ಅವಸರದಲ್ಲಿ ಹೊರಗಿನ ಓಣಿಯ ಕಡೆ ಕೈ ತೋರಿಸಿ, ಪಂಪಿಗೂ ಪೈಪಿನ ಹೀಟರುಗಳಿಗೂ ಕರೆಂಟು ಹೋಗುವುದು ಅಗೋ ಆ ಪೆಟ್ಟಿಗೆಯಿಂದ, ಅದಕ್ಕೇ ಮಾಡಿಬಿಡಿ ಅಪ್ಪಾಜಿ ಎಂದಳು.

ಅಷ್ಟರಲ್ಲಿ ಕರ್ಪೂರದ ಹೊಗೆಗೆ ಅಪಾಯದ ಸೈರನ್ನು ಬಾಯಿಬಿಟ್ಟಿತು. ಸೋಡಿಯಂ ಸೋರಿದರೆ ಹೊಗೆ ಬರುತ್ತದೆ, ಅದನ್ನು ಹಿಡಿಯಲೆಂದು ಇಟ್ಟ ಸೈರನ್ನು, ಪೈಪಿನ ಬಿಸಿ ಇಳಿದರೂ ಕೂಗುವುದು ಅದೇ. ಅದಕ್ಕೆ ಸೋಡಿಯಂ ಹೊಗೆಯೂ ಒಂದೇ, ಮಂಗಳಾರತಿಯ ಹೊಗೆಯೂ ಒಂದೇ. ಮಾಲಿನಿ ಕಂಟ್ರೋಲ್ ರೂಮಿಗೆ ಓಡಿ ಅದರ ಬಾಯಿ ಮುಚ್ಚಿಸಿದಳು. ಹೊಗೆ ಕರಗಿದ ಮೇಲೆ ಮತ್ತೆ ಹಾಕಬೇಕು ಎಂದುಕೊಂಡಳು. ಆಗ ತಾಯಿ ಹೋಳಿಗೆ ಆರುತ್ತದೆ ಎಂದು ಕೂಗಿದರು. ಗೇಟಿನ ಹೊರಗೆ ಹೊಂಗೆ ಮರದಡಿ ಪಂಕ್ತಿ ಕೂತಿತು. ತಿಂದರು, ನಕ್ಕರು, ಕಡ್ಲೆಪುರಿ ಹಂಚಿಕೊಂಡರು. ಪಾಳಿಯಲ್ಲಿದ್ದ ಮಾದು ಒಬ್ಬನನ್ನು ಬಿಟ್ಟು ಉಳಿದವರು ಮನೆಗೆ ಹೋದರು. ಮಾಲಿನಿಯೂ ಮನೆಯ ಪೂಜೆಗೆಂದು ಯಳಂದೂರಿಗೆ ಹೋದಳು.

ಸಂಜೆ ಬಿಳಿಗಿರಿರಂಗನ ಬೆಟ್ಟದ ಮೇಲೆ ಇನ್ನೂ ಬಿಸಿಲಿರುವಾಗ ಹಿಂತಿರುಗಿದಳು. ಗೇಟು ದಾಟುತ್ತಿದ್ದ ಹಾಗೆ ಕಾಲು ನಿಂತಿತು. ಪಂಪಿನಲ್ಲಿ ಏನೂ ತಿರುಗುವುದಿಲ್ಲವಾದರೂ ಅದರ ಸುರುಳಿಗಳು ಗುಂಯ್ ಎನ್ನುತ್ತವೆ. ಆ ಗುಂಯ್ ಇರಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಮಾದು ನೆಟ್ಟಗೆ ಕೂತು ಕಡ್ಲೆಪುರಿ ತಿನ್ನುತ್ತಿದ್ದ. ನಿದ್ದೆ ಮಾಡಿರಲಿಲ್ಲ, ಎದ್ದು ಹೋಗಿರಲಿಲ್ಲ. ಅವನ ಮುಂದಿನ ಪರದೆಗೆ ಮಾತ್ರ ಕುಂಕುಮ ಇಟ್ಟು, ಹೂ ಹಾಕಿ, ಆರಿಸಿಬಿಟ್ಟಿದ್ದ. ಪೂಜೆ ಮಾಡಿಸಿಕೊಂಡ ಯಂತ್ರ ಆ ದಿನ ದುಡಿಯಬಾರದು, ಇದು ರಾಮಾಪುರದಲ್ಲಿ ಅವನಪ್ಪನ ಕಾಲದಿಂದ ಬಂದ ಕಟ್ಟಳೆ. ಏನಾದರೂ ಆದರೆ ಸೈರನ್ನು ಕೂಗುತ್ತದಲ್ಲ ಎಂದು ಧೈರ್ಯವಾಗಿದ್ದ. ಸೈರನ್ನಿನ ಬಾಯಿ ಮುಚ್ಚಿದವಳು ಮಾಲಿನಿ. ಅವಳು ಮಾದುವಿನ ಕಣ್ಣನ್ನು ನಂಬಿದ್ದಳು, ಅವನು ಸೈರನ್ನಿನ ಬಾಯನ್ನು ನಂಬಿದ್ದ. ಹಬ್ಬದ ದಿನ ಇಬ್ಬರ ನಂಬಿಕೆಯೂ ರಜೆಯಲ್ಲಿತ್ತು.

ಪರದೆ ಹಾಕಿ ನೋಡಿದಳು. ಪೈಪಿನ ಮೇಲಿನ ಭಾಗದಲ್ಲಿ ಇನ್ನೂ ಸ್ವಲ್ಪ ಬಿಸಿ ಉಳಿದಿತ್ತು. ಕೆಳಗಿನ ಉದ್ದದ ಕೊಳವೆ, ಪಂಪು, ಪಂಪಿನಾಚೆ ಪೈಪು ಬಾಗುವ ಮೊಣಕೈ, ಎಲ್ಲವೂ ತೊಂಬತ್ತೆಂಟು ಡಿಗ್ರಿಗಿಂತ ಕೆಳಗೆ ಇಳಿದಿದ್ದವು. ತೊಂಬತ್ತೆಂಟಕ್ಕೆ ಸೋಡಿಯಂ ಹೆಪ್ಪುಗಟ್ಟುತ್ತದೆ. ಒಳಗಿದ್ದದ್ದು ಈಗ ಹರಿಯುವ ಲೋಹವಲ್ಲ, ಪೈಪಿನ ಆಕಾರದ ಒಂದು ಗಟ್ಟಿ ಸರಳು.

ಓಣಿಗೆ ಓಡಿದಳು. ಪೆಟ್ಟಿಗೆಯ ಮೇನ್ ಸ್ವಿಚ್ಚಿನ ಹಿಡಿ ಕೆಳಗಿತ್ತು. ಅದಕ್ಕೆ ಚೆಂಡು ಹೂವಿನ ಸರ ಸುತ್ತಿ ಗಂಟು ಹಾಕಿತ್ತು. ಆ ಗಂಟನ್ನು ಅವಳು ಎಲ್ಲಿದ್ದರೂ ಗುರುತಿಸುತ್ತಿದ್ದಳು. ಅದು ಅಕ್ಕಿ ಮೂಟೆಯ ಬಾಯಿಗೆ ಹಾಕುವ ಗಂಟು. ಚಿಕ್ಕವಳಿದ್ದಾಗ ಎಷ್ಟು ಎಳೆದರೂ ಬಿಚ್ಚಲು ಬರದೆ ಅತ್ತಿದ್ದಳು. ತಂದೆಗೆ ಈ ಶೆಡ್ಡಿನಲ್ಲಿ ಆಡುವ ಭಾಗ ಸಿಕ್ಕಿದ್ದು ಆ ಹಿಡಿ ಒಂದೇ. ಎಲ್ಲರೂ ಊಟಕ್ಕೆ ಹೊರಟಾಗ ಅದಕ್ಕೆ ಪೂಜೆ ಮಾಡಿ, ಮಿಲ್ಲಿನಲ್ಲಿ ವರ್ಷ ವರ್ಷವೂ ಮಾಡುತ್ತಿದ್ದಂತೆ ಕೆಳಗಿಳಿಸಿ ವಿಶ್ರಾಂತಿ ಕೊಟ್ಟಿದ್ದರು. ನಲ್ಲಿಗೆ ಬೀಗ ಹಾಕುವಷ್ಟು ಬುದ್ಧಿವಂತೆಗೆ ಈ ಹಿಡಿಗೆ ಬೀಗ ಹಾಕಬೇಕೆಂದು ಹೊಳೆದಿರಲಿಲ್ಲ.

ಹಿಂದೆಯೇ ಬಂದ ಮಾದು ಹಿಡಿಗೆ ಕೈ ಹಾಕಿದ. ಮಾಲಿನಿ ಆ ಕೈಯನ್ನು ಹಿಡಿದು ನಿಲ್ಲಿಸಿದಳು.

“ಬ್ಯಾಡ ಮಾದು. ಎತ್ತಿದ್ರೆ ಎಲ್ಲ ಹೀಟರೂ ಒಟ್ಗೆ ಉರೀತವ. ಪೈಪು ಸಿಡಿದೋಯ್ತದ.”

ಅವಳ ತಲೆ ತಣ್ಣಗಿತ್ತು. ಅಂಗಳಕ್ಕೆ ಹೋಗಿ ನಲ್ಲಿಯ ಬೀಗ ಬಿಚ್ಚಿ ತಂದಳು. ಹಿಡಿ ಕೆಳಗಿದ್ದ ಹಾಗೆಯೇ ಅದಕ್ಕೆ ಬೀಗ ಜಡಿದಳು. ಆಮೇಲೆ ಪುಷ್ಪಳಿಗೆ ಫೋನು ಮಾಡಿ, ಬೆಳಕು ಹರಿಯುವಾಗ ಬರಬೇಕೆಂದು ಹೇಳಿದಳು. ಪೈಪಿಗೆ ಹೀಟರ್ ತಂತಿ ಸುತ್ತಿದ ತಂಡಕ್ಕೆ ಪುಷ್ಪ ಮುಖ್ಯಸ್ಥೆ, ಮೊದಲು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವಳು. ಯಾರು ಆರಿಸಿದ್ದು ಎಂದು ಪುಷ್ಪ ಫೋನಿನಲ್ಲೇ ಕೇಳಿದಳು. ಪಕ್ಕದಲ್ಲಿದ್ದ ಮಾದು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು, ನಾನು ಪರದೆ ಒಂದನ್ನೇ ಆರಿಸಿದ್ದು ಎಂದು ಹತ್ತು ಸಲ ಹೇಳಿದ. ಮಾಲಿನಿ ಗಂಟಿನ ಮಾತು ಎತ್ತಲಿಲ್ಲ. ಕೆಲಸದವರ ಮುಂದೆ ತಂದೆಯ ಹೆಸರು ಹೇಳಲು ಅವಳ ನಾಲಿಗೆ ಏಳಲಿಲ್ಲ. ಅವರ ಮೇಲೆ ಸಿಟ್ಟು ಬಂದಿರಲಿಲ್ಲ ಎಂದಲ್ಲ. ಬಂದಿತ್ತು, ಚೆನ್ನಾಗಿಯೇ ಬಂದಿತ್ತು.

ಬೆಳಿಗ್ಗೆ ಪುಷ್ಪ ಬರುವ ಮುಂಚೆಯೇ ಸ್ವಾಮಿಯವರ ಸ್ಕೂಟರ್ ಬಂತು. ಯಜಮಾನರೇ, ಹಿಡಿ ಮುಟ್ಟಿದವರನ್ನು ನೀವೇನಾದರೂ ಕಂಡಿರಾ ಎಂದು ಮಾದು ಫೋನಿನಲ್ಲಿ ಕೇಳಿದ್ದನಂತೆ. ಮಾಲಿನಿ ಓಣಿಗೆ ಬರುವಾಗ ಅವರು ಬೀಗವನ್ನು ಹಿಡಿದು ಎಳೆಯುತ್ತಿದ್ದರು. ಮುಖ ಬಾಡಿಹೋಗಿತ್ತು. ಅವರು ಅಷ್ಟು ಮುದುಕರಾಗಿ ಎಂದೂ ಅವಳಿಗೆ ಕಂಡಿರಲಿಲ್ಲ. ರಾತ್ರಿಯಿಂದ ಕಟ್ಟಿಕೊಂಡಿದ್ದ ಸಿಟ್ಟು ಅಲ್ಲೇ ಇಳಿಯಿತು.

“ನಾನೇ ಕಣವ್ವ ಇಳ್ಸಿದ್ದು. ಕೀ ಕೊಡು, ನಾನೇ ಎತ್ಬುಡ್ತೀನಿ. ಆ ಯಮ್ಮ ಬರೋದ್ರೊಳಗ ಸರಿಯಾಗ್ಬುಡ್ಲಿ.”

ಮಾಲಿನಿ ಅವರನ್ನು ಬೆಂಚಿನ ಮೇಲೆ ಕೂರಿಸಿದಳು. ಚಳಿಗಾಲದಲ್ಲಿ ಅವ್ವನ ಕೊಬ್ಬರಿ ಎಣ್ಣೆ ಸೀಸೆ ಗಟ್ಟಿಯಾಗುತ್ತದಲ್ಲ, ಅದನ್ನು ತಳದಿಂದ ಕಾಯಿಸಿದರೆ ಏನಾಗುತ್ತದೆ ಎಂದು ಕೇಳಿದಳು. ತಳದ ಎಣ್ಣೆ ಕರಗುತ್ತದೆ, ಮೇಲಿನದು ಬಿರಡೆಯ ಹಾಗೆ ಕೂತಿರುತ್ತದೆ ಎಂದರು. ಇದೂ ಹಾಗೆಯೇ. ಸೋಡಿಯಂ ಕರಗುವಾಗ ಹಿಗ್ಗುತ್ತದೆ. ಎರಡೂ ಕಡೆ ಗಟ್ಟಿ ಇದ್ದು ನಡುವೆ ಕರಗಿದರೆ, ಹಿಗ್ಗಿದ್ದಕ್ಕೆ ಹೋಗಲು ಜಾಗವಿಲ್ಲದೆ ಉಕ್ಕಿನ ಪೈಪನ್ನೇ ಸೀಳುತ್ತದೆ. ಹೊರಗೆ ಬಂದರೆ ಬೆಂಕಿ. ಮೇಲುಗಡೆ ಅರ್ಧ ಖಾಲಿ ಇರುವ ಒಂದು ತೊಟ್ಟಿ ಇದೆ, ಅದೇ ಸೀಸೆಯ ಬಾಯಿ. ಅಲ್ಲಿಂದ ಶುರುಮಾಡಿ ಗೇಣು ಗೇಣಾಗಿ ಕರಗಿಸಿಕೊಂಡು ಕೆಳಗೆ ಬರಬೇಕು. ಕರಗಿದ್ದು ಹಿಗ್ಗಿ ತೊಟ್ಟಿಗೆ ಏರುತ್ತಾ ಹೋಗುತ್ತದೆ.

ಸ್ವಾಮಿಯವರು ಕೇಳಿಸಿಕೊಂಡರು. ಬೀಗ ಇಲ್ಲದೆ ಹೋಗಿದ್ದರೆ ತಾವು ಈಗ ಏನು ಮಾಡಿಬಿಡುತ್ತಿದ್ದೆವು ಎನ್ನುವುದು ಅವರಿಗೆ ಅರ್ಥವಾಯಿತು. ಎರಡು ಕೈಯಿಂದ ಮುಖ ಒರೆಸಿಕೊಂಡರು.

“ನೀವೊಬ್ರೇ ಅಲ್ಲ ಅಪ್ಪಾಜಿ,” ಎಂದಳು ಮಾಲಿನಿ. “ಪೆಟ್ಟಿಗೆ ತೋರ್ಸಿದವ್ಳು ನಾನು, ಸೈರನ್ ಆರ್ಸಿದವ್ಳೂ ನಾನು. ಈಗ ಕರಗ್ಸೋಳೂ ನಾನೇ. ನೀವಿಲ್ಲೇ ಕೂತ್ಕಳಿ.”

ಪುಷ್ಪ ಬಂದು ಹೀಟರುಗಳ ವೈರುಗಳನ್ನು ಪೆಟ್ಟಿಗೆಯಿಂದ ಬಿಚ್ಚಿದಳು. ವೆಲ್ಡಿಂಗಿಗೆ ಇದ್ದ ಬೇರೆ ಲೈನಿನಿಂದ ಕರೆಂಟು ಎಳೆದು, ಹೀಟರುಗಳನ್ನು ಒಂದರ ನಂತರ ಒಂದು ಸೇರಿಸುತ್ತಾ, ಅದೂ ಹದವಾಗಿ, ಕೊಡುವ ಏರ್ಪಾಡು ಮಾಡಿದರು. ತೊಟ್ಟಿಯ ಪಕ್ಕದ ಮೊದಲ ತುಂಡಿಗೆ ಬಿಸಿ ಹತ್ತಿತು. ಅದು ಕರಗಿದ ಮೇಲೆ ಅದರ ಕೆಳಗಿನದು. ಮಾದು ಪರದೆಯ ಮುಂದೆ ಕೂತು ಡಿಗ್ರಿಗಳನ್ನು ಕೂಗಿ ಹೇಳುತ್ತಿದ್ದ. ಹಿಂದಿನ ದಿನದ ಕುಂಕುಮ ಪರದೆಯ ಹಣೆಯ ಮೇಲೆ ಹಾಗೇ ಇತ್ತು.

ಶಾಂತಮೂರ್ತಿ ಬಂದಾಗ ಕೆಲಸ ಅರ್ಧ ದಾರಿಗೂ ಬಂದಿರಲಿಲ್ಲ. ಅವರು ಮಾಲಿನಿಯ ಪಾಲುದಾರರು, ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿ. ಮನುಷ್ಯ ಒಳ್ಳೆಯವರೇ, ಆದರೆ ಅವಸರ ಎಂಬುದನ್ನು ಹುಟ್ಟುವಾಗಲೇ ಪಡೆದುಕೊಂಡು ಬಂದಿದ್ದರು. ವಿಷಯ ಕೇಳಿ ಮೊದಲು ತಲೆಯ ಮೇಲೆ ಕೈ ಹೊತ್ತರು. ಆಮೇಲೆ ಉಪಾಯ ಹೇಳಿದರು. ಎಲ್ಲ ಹೀಟರುಗಳನ್ನೂ ಒಂದೇ ಸಲ ಹಾಕಿ, ಮಧ್ಯಾಹ್ನಕ್ಕೆ ಮುಂಚೆ ಹರಿಯುವ ಹಾಗೆ ಮಾಡುವುದು. ರೂಪ ಮೇಡಂಗೆ ಏನೂ ಗೊತ್ತಾಗುವುದಿಲ್ಲ. ಒಂದು ಪಕ್ಷ ತಡವಾದರೆ ಕರೆಂಟು ಹೋಗಿತ್ತು ಎಂದರಾಯಿತು. ನಮ್ಮ ಕಡೆ ಕರೆಂಟು ಹೋಯಿತು ಎಂದರೆ ನಂಬದವರು ಯಾರು?

ಆಗುವುದಿಲ್ಲ ಎಂದಳು ಮಾಲಿನಿ. ಪೈಪು ಸೀಳಿದರೆ ಪಂಪೂ ಹೋಗುತ್ತದೆ, ಶೆಡ್ಡೂ ಹೋಗುತ್ತದೆ. ಅದೂ ಅಲ್ಲದೆ, ಇದು ರಿಯಾಕ್ಟರಿಗೆ ಹೋಗುವ ಸಾಮಾನು. ಇದರ ಬಗ್ಗೆ ಒಂದು ಸುಳ್ಳು ಹೇಳಿದರೂ ಆ ಸುಳ್ಳು ಪಂಪಿನ ಜೊತೆ ರಿಯಾಕ್ಟರಿನೊಳಗೆ ಹೋಗಿ ಕೂರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಹಿರಿಯರು, ಹೋಗಲಿ ಎಂದು ನುಂಗಿಕೊಂಡಳು. ಶಾಂತಮೂರ್ತಿ ಮುಖ ಊದಿಸಿಕೊಂಡು ಸ್ವಾಮಿಯವರ ಪಕ್ಕ ಬೆಂಚಿನ ಮೇಲೆ ಕೂತರು.

ರೂಪ ಹೇಳಿದ್ದಕ್ಕಿಂತ ಬೇಗ ಬಂದರು. ನರೆತ ಕೂದಲು, ಹತ್ತಿ ಸೀರೆ, ಕಾಲಿಗೆ ದಪ್ಪ ಬೂಟು. ಗೇಟಿನ ಬಾಳೆಕಂದು ನೋಡಿ ನಕ್ಕು ಒಳಗೆ ಬಂದವರು, ಪಂಪಿನ ಸದ್ದಿಲ್ಲದ್ದನ್ನು ಗಮನಿಸಿ ನಗು ನಿಲ್ಲಿಸಿದರು. ಮಾಲಿನಿ ಬಾಯಿ ತೆರೆಯುವಷ್ಟರಲ್ಲಿ ಶಾಂತಮೂರ್ತಿ ಎದ್ದು, ನಿನ್ನೆ ಕರೆಂಟಿನ ತೊಂದರೆ ಆಗಿ ಎಂದು ರಾಗ ಎಳೆದರು.

“ಕರೆಂಟು ಓಗಿರ್ಲಿಲ್ಲ ಕಣ್ರಮ್ಮ,” ಎಂದರು ಶಿವರುದ್ರಸ್ವಾಮಿ. ಅವರೂ ಎದ್ದು ನಿಂತಿದ್ದರು. “ನಾನು ಇವ್ಳ ಅಪ್ಪ. ಆಯುಧಪೂಜೆ ಮಾಡಿ ಆ ಹಿಡಿ ಇಳಿಸ್ದೆ. ಪೂಜೆ ಆದ ಮಿಷಿನ್ನು ಅವತ್ತು ದುಡೀಬಾರ್ದು ಅಂತ. ತಪ್ಪು ನಂದು, ಪಂಪ್ನದಲ್ಲ.”

ಮಾಲಿನಿ ಮುಚ್ಚಿಟ್ಟ ಹೆಸರನ್ನು ಅವರೇ ಎದೆ ಕೊಟ್ಟು ಹೇಳಿಕೊಂಡಿದ್ದರು. ಉಳಿದದ್ದನ್ನು ಅವಳು ಹೇಳಿದಳು: ಸೈರನ್ನು, ಪರದೆ, ಬೀಗ, ಈಗ ಎಲ್ಲಿಯವರೆಗೆ ಕರಗಿದೆ, ಇನ್ನೆಷ್ಟು ಉಳಿದಿದೆ. ಒಂದನ್ನೂ ಬಿಡಲಿಲ್ಲ. ಪಂಪು ಹರಿಯುತ್ತದೆ, ಆದರೆ ಯಾವಾಗ ಎಂದು ಹೇಳಲಾರೆ ಎಂದಳು.

ರೂಪ ಕೇಳಿದ್ದು ಒಂದೇ. ಹೀಟರನ್ನು ಎಲ್ಲಿಂದ ಶುರುಮಾಡಿದಿರಿ? ತೊಟ್ಟಿಯ ಕಡೆಯಿಂದ ಎಂದಳು ಮಾಲಿನಿ. ಅವರು ತಲೆಯಾಡಿಸಿ ಒಂದು ಸ್ಟೂಲು ಎಳೆದುಕೊಂಡು ಪರದೆಯ ಮುಂದೆ ಮಾದುವಿನ ಪಕ್ಕ ಕೂತರು. ಡ್ರೈವರನಿಗೆ ಊಟ ಮಾಡಿಕೊಂಡು ಬಾ ಎಂದು ಹೇಳಿ ಕಳಿಸಿದರು.

ತುಂಡು ತುಂಡಾಗಿ ಕೆಳಗಿನ ಕೊಳವೆ ಕರಗಿತು. ಪಂಪಿನೊಳಗಿನದೂ ಕರಗಿತು. ಉಳಿದದ್ದು ಪಂಪಿನಾಚೆಯ ಮೊಣಕೈ. ಅದರ ಬಿಸಿ ತೊಂಬತ್ತೆಂಟಕ್ಕೆ ಏರಿ ಅಲ್ಲೇ ನಿಂತುಬಿಟ್ಟಿತು. ಮಾದು ಕೂಗುತ್ತಾನೆ, ತೊಂಬತ್ತೆಂಟು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೂಗುತ್ತಾನೆ. ಶಾಂತಮೂರ್ತಿಗೆ ತಡೆಯಲಾಗಲಿಲ್ಲ. ಇನ್ನೊಂದಿಷ್ಟು ಕರೆಂಟು ಕೊಡಬಾರದೇ, ಇದು ಏಳುವುದೇ ಇಲ್ಲವಲ್ಲ ಎಂದರು. ಪುಷ್ಪಳ ಕೈಯೂ ಗುಂಡಿಯ ಮೇಲೆ ಆಡಿತು. ಮಾಲಿನಿ ಬೇಡ ಎಂದು ಸನ್ನೆ ಮಾಡಿದಳು. ಕೊಟ್ಟ ಬಿಸಿಯನ್ನೆಲ್ಲ ಅದು ಈಗ ಕರಗುವುದಕ್ಕೇ ತಿನ್ನುತ್ತಿದೆ, ಅದಕ್ಕೇ ಏರುತ್ತಿಲ್ಲ. ಏರದೆ ನಿಂತಿದೆ ಎಂದರೆ ಒಳಗೆ ಕೆಲಸ ಆಗುತ್ತಿದೆ ಎಂದೇ ಅರ್ಥ. ಅವಳು ಇದನ್ನು ಜೋರಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು. ರೂಪ ತಿರುಗಿ ಅವಳನ್ನೊಮ್ಮೆ ನೋಡಿದರು.

ಅಂಥ ಹೊತ್ತಿನಲ್ಲಿ ಸುಮ್ಮನಿರುವುದಕ್ಕೆ ಗುಂಡಿಗೆ ಬೇಕು. ಏನಾದರೂ ಮಾಡುವುದು ಯಾರಿಗಾದರೂ ಬರುತ್ತದೆ. ಬಿಸಿಲು ಶೆಡ್ಡಿನ ಕಿಟಕಿ ದಾಟಿ ನೆಲಕ್ಕೆ ಬಂತು. ಸ್ವಾಮಿಯವರು ಬೆಂಚಿನಿಂದ ಏಳಲಿಲ್ಲ, ಊಟಕ್ಕೆ ಕರೆದರೂ ಬೇಡವೆಂದರು.

ಕಡೆಗೆ ಮಾದು, ತೊಂಬತ್ತೊಂಬತ್ತು ಎಂದ. ಆಮೇಲೆ ನೂರೆರಡು, ನೂರೈದು. ತಡೆ ಕಳೆದ ಎತ್ತಿನ ಹಾಗೆ ಅಂಕಿ ಮೇಲಕ್ಕೆ ನಡೆಯಿತು. ಮಾಲಿನಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು.

ಪುಷ್ಪ ಹೀಟರುಗಳ ವೈರುಗಳನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿದಳು. ಸುತ್ತಿನ ಎಲ್ಲ ಕಡೆಯೂ ಲೋಹ ಕರಗಿದೆ ಎಂದು ಎರಡೆರಡು ಸಲ ನೋಡಿದರು. ಇನ್ನು ಹಿಡಿ ಎತ್ತುವುದೊಂದೇ ಬಾಕಿ. ಮಾಲಿನಿ ಬೀಗ ತೆಗೆದು, ಕೀ ಸಮೇತ ಪೆಟ್ಟಿಗೆಯ ಮೇಲಿಟ್ಟು ತಂದೆಯ ಕಡೆ ತಿರುಗಿದಳು. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು, ನನ್ನ ಕೈ ಬೇಡ ಎಂದರು. ಇಳಿಸಿದ ಕೈಯೇ ಎತ್ತಬೇಕು, ಬನ್ನಿ ಎಂದು ಅವಳು ಅವರ ಮೊಣಕೈ ಹಿಡಿದು ಎಬ್ಬಿಸಿದಳು.

ಸ್ವಾಮಿಯವರು ಬಾಡಿದ ಹೂವಿನ ಸರವನ್ನು ಮೊದಲು ಬಿಚ್ಚಿದರು. ಆ ಗಂಟು ಅವರ ಬೆರಳಿಗೆ ಒಂದೇ ಸಲಕ್ಕೆ ಬಿಟ್ಟುಕೊಂಡಿತು. ಮನಸ್ಸಿನಲ್ಲೇ ಬೆಟ್ಟದ ದೇವರು ಮಾದಪ್ಪನನ್ನು ನೆನೆದು ಹಿಡಿ ಎತ್ತಿದರು. ಸುರುಳಿಗಳು ಗುಂಯ್ ಎಂದವು. ಹರಿವು ತೋರಿಸುವ ಮುಳ್ಳು ಮಾತ್ರ ಸೊನ್ನೆಯಲ್ಲೇ ಕೂತಿತ್ತು. ಒಂದು ಗಳಿಗೆ ಕಳೆದು ಮುಳ್ಳು ಅದುರಿತು, ಏಳಲೋ ಬೇಡವೋ ಎಂದು ತಡವರಿಸಿತು, ಆಮೇಲೆ ನೆಟ್ಟಗೆ ಏರಿ ತನ್ನ ಜಾಗದಲ್ಲಿ ನಿಂತಿತು.

“ತಿರುಗ್ತಾ ಅದಾ ಅವ್ವಾ?” ಎಂದು ಸ್ವಾಮಿಯವರು ಮೆಲ್ಲಗೆ ಕೇಳಿದರು.

“ಹರೀತಾ ಅದ ಅಪ್ಪಾಜಿ.”

ಅವರ ಕಣ್ಣಲ್ಲಿ ನೀರು ಬಂತು. ಈ ಶೆಡ್ಡಿನಲ್ಲಿ ನೀರಿಗೆ ಜಾಗವಿಲ್ಲ ಎಂದು ನೆನಪಾಗಿ, ಮುಖ ತಿರುಗಿಸಿಕೊಂಡು ಅಂಗಳಕ್ಕೆ ಹೋದರು.

ರೂಪ ಬಹಳ ಹೊತ್ತು ಪಂಪಿನ ಸುತ್ತ ನಡೆದು, ಬೆಸುಗೆಗಳನ್ನೆಲ್ಲ ನೋಡಿ, ಸಂಜೆಯ ಕಾಫಿಗೆ ಹೊಂಗೆ ಮರದಡಿಗೆ ಬಂದರು. ಶಾಂತಮೂರ್ತಿ ಕುರ್ಚಿಯ ತುದಿಯಲ್ಲಿ ಕೂತಿದ್ದರು. ರೂಪ ಮಾಲಿನಿಯನ್ನು ನೋಡಿ ನಿಧಾನವಾಗಿ ಹೇಳಿದರು.

“ರಿಯಾಕ್ಟರಿನಲ್ಲೂ ಮನುಷ್ಯರೇ ಇರ್ತಾರೆ ಮಾಲಿನಿ, ಹಬ್ಬಗಳೂ ಬರ್ತವೆ. ತಪ್ಪೇ ಆಗದ ಕಡೆಯಿಂದ ನನಗೆ ಪಂಪು ಬೇಡ, ಅಂಥ ಕಡೆ ಇಲ್ಲವೇ ಇಲ್ಲ. ತಪ್ಪಾದಾಗ ಬೀಗ ಹಾಕಿ, ಆಮೇಲೆ ನಿಜ ಹೇಳೋರು ಮಾಡಿದ ಪಂಪು ಬೇಕು. ತಗೊಂಡು ಹೋಗ್ತೀನಿ.”

ಶಾಂತಮೂರ್ತಿ ಕಾಫಿಯನ್ನು ಅಂಗಿಯ ಮೇಲೆ ಚೆಲ್ಲಿಕೊಂಡರು. ಮಾಲಿನಿ ಎದ್ದು ನಿಂತಳು. ಅವಳಿಗೆ ತಕ್ಷಣ ಬೇಕಾದದ್ದು ತಂದೆಯ ಮುಖ. ಅವರು ಮರದಡಿಯಲ್ಲಿ ಇರಲಿಲ್ಲ.

ಓಣಿಯಲ್ಲಿದ್ದರು. ಹಿತ್ತಾಳೆಯ ಬೀಗವನ್ನು ಎತ್ತಿಕೊಂಡು, ಹಿಡಿಯನ್ನು ಮೇಲಿಟ್ಟ ಹಾಗೆಯೇ ಅದಕ್ಕೆ ಜಡಿಯುತ್ತಿದ್ದರು. ಕೊಂಡಿ ಕಚ್ಚಿಕೊಂಡಿತೇ ಎಂದು ಎರಡು ಸಲ ಎಳೆದು ನೋಡಿದರು. ಆಮೇಲೆ ಜೇಬಿನಿಂದ ಒಂದು ಒಣ ಚೆಂಡು ಹೂ ತೆಗೆದು ಬೀಗಕ್ಕೆ ಸಿಕ್ಕಿಸಿದರು. ಹಿಂದೆ ಮಗಳು ನಿಂತಿರುವುದು ಕಂಡು ಕೀಯನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾವೇ ಮಡಿಸಿದರು.

“ಇದ್ಕ ರಜ ಇಲ್ಲ ಕಣವ್ವ,” ಎಂದರು. “ಇನ್ಮ್ಯಾಲ ಪೂಜೆ ಬೀಗಕ್ಕೆ ಮಾಡವ.”